ಬೆಲೆ ಇಳಿದ ಕಾರು, ಇಳಿಯದ ಖರ್ಚು

ನನ್ನ ಕಾರಿನ ಗರಿಷ್ಠ ವೇಗ ಗಂಟೆಗೆ 285 ಕಿಲೋಮೀಟರ್. ನಾನಿರುವ ಊರು ಇಟಲಿಯ ಬೊಲೊನ್ಯ. 2024ರ ಜನವರಿಯಲ್ಲಿ ಇಲ್ಲಿನ ನಗರಾಡಳಿತ ಊರೊಳಗಿನ ಹೆಚ್ಚಿನ ರಸ್ತೆಗಳಿಗೆ 30 ಕಿಲೋಮೀಟರ್ ಮಿತಿ ಹಾಕಿತು. ಇಟಲಿಯ ದೊಡ್ಡ ನಗರಗಳಲ್ಲಿ ಹೀಗೆ ಮಾಡಿದ್ದು ಇದೇ ಮೊದಲು. ಆ ವಾರ ಕಾರನ್ನು ಸರ್ವಿಸಿಗೆ ಬಿಡಲು ಹೊರಟಿದ್ದೆ. ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗನೊಬ್ಬ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಹಾಕಿದ. ನಾಲ್ಕು ಮಾರು ಮುಂದೆ ಹೋಗಿ ತಿರುಗಿ ನೋಡಿದವನು ಕಾರಿನ ಮೂತಿಯ ಮೇಲಿನ ತ್ರಿಶೂಲ ಕಂಡು ನಕ್ಕ. ನನಗೂ ನಗು ಬಂತು.

ಕಾರು 2003ರ ಮಸೆರಾಟಿ ಕೂಪೆ. ಎರಡು ಬಾಗಿಲು, ನಾಲ್ಕು ಸೀಟು, 4.2 ಲೀಟರಿನ ಎಂಟು ಸಿಲಿಂಡರ್ ಎಂಜಿನ್, 390 ಅಶ್ವಶಕ್ತಿ. ನಮ್ಮ ಶಿವಮೊಗ್ಗದ ಬೀದಿಗಳಲ್ಲಿ ಓಡಾಡುವ ಸಣ್ಣ ಪೆಟ್ರೋಲ್ ಕಾರುಗಳದ್ದು 70ರಿಂದ 90 ಎಂದರೆ ಅಂದಾಜು ಸಿಕ್ಕೀತು. ಆ ಕಾಲಕ್ಕೆ ಮಸೆರಾಟಿ ಫೆರಾರಿಯ ಒಡೆತನದಲ್ಲಿತ್ತು, ಎಂಜಿನ್ ಕೂಡ ಫೆರಾರಿಯ ಊರಾದ ಮರನೆಲ್ಲೊದಿಂದಲೇ ಬರುತ್ತಿತ್ತು. ಹೊಸದರಲ್ಲಿ 80,000 ಯೂರೋ ದಾಟಿದ್ದ ಈ ಕಾರನ್ನು ನಾನು 2019ರ ಅಕ್ಟೋಬರಿನಲ್ಲಿ ಕೊಂಡದ್ದು 21,500 ಯೂರೋಗೆ. ಆ ದುಡ್ಡಿಗೆ ಇಲ್ಲಿ ಒಂದು ಸಾಧಾರಣ ಹೊಸ ಕಾರು ಬರುತ್ತದೆ, ಅಷ್ಟೆ.

ಊರಿಗೆ ಫೋಟೊ ಕಳಿಸಿದಾಗ ಚಿಕ್ಕಮ್ಮ ಫೋನ್ ಮಾಡಿ "ಏನೇ, ಲಾಟರಿ ಹೊಡೀತಾ?" ಎಂದರು. ನಾನು ಔಷಧಿಯ ಕ್ಯಾಪ್ಸೂಲ್ ತುಂಬುವ ಯಂತ್ರಗಳ ವಿನ್ಯಾಸ ಮಾಡುವ ಸಂಬಳದ ಎಂಜಿನಿಯರ್. ಇಂಥ ಕಾರು ಅಗ್ಗಕ್ಕೆ ಏಕೆ ಸಿಗುತ್ತದೆ, ಮನೆಗೆ ಬಂದಮೇಲೆ ಏನೇನು ಕೇಳುತ್ತದೆ ಎಂದು ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿ ಮುಗಿಸಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲ ಇಟಾಲಿಯನ್ ಕಾರು

ನಮ್ಮ ಮನೆಗೆ ಬಂದ ಮೊದಲ ಇಟಾಲಿಯನ್ ಕಾರು ಮಸೆರಾಟಿ ಅಲ್ಲ, ಅಪ್ಪಯ್ಯನ ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಕಾರು ಮೂಲದಲ್ಲಿ ಫಿಯೆಟ್ 1100. ಪದ್ಮಿನಿ ಎಂಬ ಹೆಸರು 1974ರಲ್ಲಿ ಬಂದರೂ ತೀರ್ಥಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಅದು 'ಫಿಯೆಟ್ಟೇ'. ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಉಡುಪಿಯಿಂದ ಹಿಂತಿರುಗುವಾಗ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಎಲ್ಲೋ ಒಂದು ಕಡೆ ರೇಡಿಯೇಟರ್ ಕುದಿಯುತ್ತಿತ್ತು. ಅಪ್ಪಯ್ಯ ಬಾನೆಟ್ ಎತ್ತಿ ನೀರು ಹೊಯ್ಯುವಾಗ ಟಾರ್ಚ್ ಹಿಡಿಯುವುದು ನನ್ನ ಕೆಲಸ. "ಬಿಸಿ ಇದ್ದಾಗ ಮುಚ್ಚಳ ಮುಟ್ಟಬಾರದು, ಅದಕ್ಕೂ ಸ್ವಲ್ಪ ಹೊತ್ತು ಬೇಕು" ಎನ್ನುತ್ತಿದ್ದರು. ನಲವತ್ತು ಚಿಲ್ಲರೆ ಅಶ್ವಶಕ್ತಿಯ ಆ ಕಾರಿನಿಂದ ಕಲಿತದ್ದು 390ರ ಈ ಕಾರಿಗೂ ಸಾಕಾಗಿದೆ.

ಇನ್ನು ತ್ರಿಶೂಲದ ಕತೆ. ಮಸೆರಾಟಿ ಸಹೋದರರು ತಮ್ಮ ವರ್ಕ್‌ಶಾಪ್ ತೆರೆದದ್ದು ಇದೇ ಬೊಲೊನ್ಯದಲ್ಲಿ, 1914ರ ಡಿಸೆಂಬರಿನಲ್ಲಿ. 1926ರಲ್ಲಿ ತಮ್ಮದೇ ಹೆಸರಿನ ಮೊದಲ ಕಾರು ಹೊರತಂದಾಗ ಅದಕ್ಕೊಂದು ಗುರುತು ಬೇಕಾಯಿತು. ಅಣ್ಣತಮ್ಮಂದಿರಲ್ಲಿ ಮಾರಿಯೊ ಒಬ್ಬನಿಗೆ ಎಂಜಿನ್ನಿನ ಗೊಡವೆ ಇರಲಿಲ್ಲ, ಆತ ಚಿತ್ರಕಾರ. ಊರ ನಡುವಿನ ಕಾರಂಜಿಯಲ್ಲಿ ನಿಂತ ಸಮುದ್ರದೇವತೆ ನೆಪ್ಚೂನ್‌ನ ಕೈಯಲ್ಲಿದ್ದ ತ್ರಿಶೂಲವನ್ನು ಆತ ಬರೆದುಕೊಟ್ಟ. 1937ರಲ್ಲಿ ಕಂಪನಿ ಓರ್ಸಿ ಕುಟುಂಬದ ಕೈಗೆ ಹೋಗಿ, ಮುಂದೆ ಪಕ್ಕದ ಮೊಡೆನಾಕ್ಕೆ ಸ್ಥಳಾಂತರವಾಯಿತು. ಕಾರಂಜಿ ಮಾತ್ರ ಇಲ್ಲೇ ಇದೆ, ನನ್ನ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ. 2022ರ ನವರಾತ್ರಿಗೆ ಇಲ್ಲಿಗೆ ಬಂದಿದ್ದ ಅಮ್ಮನಿಗೆ ನಾನು ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, "ಇರಲಿ ಬಿಡು, ಈಶ್ವರನದೂ ಹೌದು" ಎಂದು ಆಯುಧಪೂಜೆಯ ದಿನ ತ್ರಿಶೂಲಕ್ಕೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇರಿಸಿದರು.

ಅಗ್ಗ ಏಕೆ?

ಇಟಲಿಯಲ್ಲಿ ಕಾರಿನ ವಾರ್ಷಿಕ ತೆರಿಗೆ ಎಂಜಿನ್ನಿನ ಶಕ್ತಿಯನ್ನು ನೋಡಿ ಹಾಕುತ್ತಾರೆ. ಸಾಲದ್ದಕ್ಕೆ 2011ರಲ್ಲಿ 'ಸೂಪರ್‌ಬೊಲ್ಲೊ' ಎಂಬ ಹೆಚ್ಚುವರಿ ತೆರಿಗೆ ಬಂತು. 2012ರಿಂದ ಅದರ ಲೆಕ್ಕ ಹೀಗೆ: 185 ಕಿಲೋವ್ಯಾಟ್ ಮೀರಿದ ಒಂದೊಂದು ಕಿಲೋವ್ಯಾಟಿಗೂ 20 ಯೂರೋ. ನನ್ನ ಕಾರಿನ ಶಕ್ತಿ 287 ಕಿಲೋವ್ಯಾಟ್, ಮೀರಿದ್ದು 102. ಹೊಸ ಕಾರಾಗಿದ್ದರೆ ವರ್ಷಕ್ಕೆ 2,040 ಯೂರೋ ತೆರಬೇಕಿತ್ತು. ಆದರೆ ಕಾರಿಗೆ ಐದು ವರ್ಷವಾದರೆ ದರ 12 ಯೂರೋ, ಹತ್ತಾದರೆ 6, ಹದಿನೈದಾದರೆ 3, ಇಪ್ಪತ್ತು ತುಂಬಿದರೆ ಪೂರ್ತಿ ಮಾಫಿ. ನಾನು ಕೊಂಡಾಗ ಕಾರಿಗೆ ಹದಿನಾರು, ಹಾಗಾಗಿ ನನಗೆ ಬಿದ್ದದ್ದು 306 ಯೂರೋ. ಈಗ ಅದೂ ಇಲ್ಲ. ಇಪ್ಪತ್ತು ದಾಟಿದ ಕಾರಿಗೆ 'ಐತಿಹಾಸಿಕ' ಎಂಬ ಪ್ರಮಾಣಪತ್ರ ಪಡೆದರೆ ಮಾಮೂಲಿ ತೆರಿಗೆಯೂ ಅರ್ಧವಾಗುತ್ತದೆ.

ತೆರಿಗೆಗೆ ಹೆದರಿ ಮಾರುವವರು ಒಂದು ಕಡೆ, ರಿಪೇರಿಗೆ ಹೆದರಿ ಮಾರುವವರು ಇನ್ನೊಂದು ಕಡೆ. ಕಾರಿನ ಬೆಲೆ ಹೀಗೆ ಕಾಲು ಭಾಗಕ್ಕೆ ಇಳಿದರೂ ಅದರ ಬ್ರೇಕ್ ಪ್ಯಾಡಿಗೆ, ಕ್ಲಚ್ಚಿಗೆ, ಮೆಕ್ಯಾನಿಕ್ಕನ ಕೂಲಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಅವು ಇನ್ನೂ 80,000ದ ಕಾರಿನ ಬೆಲೆಯನ್ನೇ ಕೇಳುತ್ತವೆ. ಆನೆಯನ್ನು ಅಗ್ಗಕ್ಕೆ ಕೊಂಡೆವೆಂದು ಅದು ಮೇವು ಕಡಿಮೆ ತಿನ್ನುತ್ತದೆಯೇ?

ನೋಡಿ ಕೊಳ್ಳುವುದು

ಮೊದಲು ನೋಡಿದ ಕಾರು ಥಳಥಳ ಹೊಳೆಯುತ್ತಿತ್ತು. ಮೀಟರ್ ತೋರಿಸಿದ್ದು 38,000 ಕಿಲೋಮೀಟರ್. ಆದರೆ ಚಾಲಕನ ಸೀಟಿನ ಚರ್ಮ ಸವೆದು ಅಂಚು ಒಡೆದಿತ್ತು, ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿತ್ತು. ಇಟಲಿಯಲ್ಲಿ ಹೊಸ ಕಾರಿಗೆ ನಾಲ್ಕು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ ಕಡ್ಡಾಯ. ಆಗ ದಾಖಲಾದ ಕಿಲೋಮೀಟರನ್ನು ನಂಬರ್ ಪ್ಲೇಟ್ ಹಾಕಿ ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಡಿದೆ. ಮೀಟರ್ ಹಿಂದಕ್ಕೆ ಓಡಿತ್ತು. ಮಾರುವವನಿಗೆ ಏನೂ ಹೇಳದೆ ಎದ್ದು ಬಂದೆ.

ಕೊನೆಗೆ ಕೊಂಡದ್ದು 61,000 ಓಡಿದ, ಬಣ್ಣ ಅಲ್ಲಲ್ಲಿ ಕಳೆಗುಂದಿದ ಕಾರು. ಅದರ ಜೊತೆ ಹದಿನಾರು ವರ್ಷಗಳ ಸರ್ವಿಸ್ ಬಿಲ್ಲುಗಳ ದಪ್ಪ ಕಡತ ಬಂತು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಹೊಳಪಿಗೆ ಮರುಳಾಗದೆ ಆ ಕಡತವನ್ನು ಓದಬೇಕು. ಟೈರಿನ ವಿಷಯದಲ್ಲೂ ಅಷ್ಟೆ. ಗೀರು ಆಳವಾಗಿದ್ದರೆ ಸಾಲದು, ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಬೇಕು. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನ ಕಾರಿನಲ್ಲಿ 2712 ಎಂದಿತ್ತು, ಅಂದರೆ 2012ರ 27ನೇ ವಾರ. ನೋಡಲು ಹೊಸದರಂತಿದ್ದ ರಬ್ಬರ್ ಏಳು ವರ್ಷಕ್ಕೆ ಗಟ್ಟಿಯಾಗಿತ್ತು. ನಾಲ್ಕನ್ನೂ ಬದಲಿಸಿಯೇ ಹೊರಗೆ ತೆಗೆದೆ.

ಕ್ಲಚ್ಚಿನ ಪಾಠ

ಈ ಕಾರಿನಲ್ಲಿ ಗೇರ್ ಕಡ್ಡಿಯೂ ಇಲ್ಲ, ಕ್ಲಚ್ ಪೆಡಲೂ ಇಲ್ಲ. ಸ್ಟಿಯರಿಂಗಿನ ಹಿಂದೆ ಎರಡು ರೆಕ್ಕೆಗಳಿವೆ: ಬಲಗಡೆಯದನ್ನು ಎಳೆದರೆ ಮೇಲಿನ ಗೇರು, ಎಡಗಡೆಯದಕ್ಕೆ ಕೆಳಗಿನದು, ಎರಡನ್ನೂ ಒಟ್ಟಿಗೆ ಎಳೆದರೆ ನ್ಯೂಟ್ರಲ್. ಫೆರಾರಿ 1989ರಲ್ಲಿ ತನ್ನ ಫಾರ್ಮುಲಾ ಒನ್ ಕಾರಿಗೆ ಅಳವಡಿಸಿದ ಉಪಾಯ ಇದು. ಮಸೆರಾಟಿ ಇದನ್ನು 'ಕಾಂಬಿಯೊಕೋರ್ಸ' ಎಂದು ಕರೆಯಿತು, ರೇಸಿನ ಗೇರು ಎಂದು ಅರ್ಥ. ಆಟೊಮ್ಯಾಟಿಕ್ ಕಾರಿನಂತೆ ಕಂಡರೂ ಇದು ಆಟೊಮ್ಯಾಟಿಕ್ ಅಲ್ಲ. ಒಳಗಿರುವುದು ಮಾಮೂಲಿ ಕ್ಲಚ್ಚೇ, ನಮ್ಮ ಎಡಗಾಲಿನ ಕೆಲಸವನ್ನು ಕಂಪ್ಯೂಟರಿನ ಆಜ್ಞೆಯಂತೆ ಎಣ್ಣೆಯ ಒತ್ತಡ ಮಾಡುತ್ತದೆ. ಕ್ಲಚ್ ಶೇಕಡಾ ಎಷ್ಟು ಸವೆದಿದೆ ಎಂದು ತಪಾಸಣೆಯ ಕಂಪ್ಯೂಟರ್ ಜೋಡಿಸಿ ಓದಬಹುದು. ಕೊಳ್ಳುವಾಗ ಓದಿಸಿದ್ದೆ, ಶೇ 34 ಇತ್ತು.

ನಮ್ಮ ಅಪಾರ್ಟ್‌ಮೆಂಟಿನ ಗ್ಯಾರೇಜ್ ನೆಲದಡಿಯಲ್ಲಿದೆ. ಇಳಿಜಾರು ಕಡಿದು, ತಿರುವು ಕಿರಿದು. ಮೂತಿ ಗೋಡೆಗೆ ತಾಗೀತೆಂದು ನಾನು ದಿನವೂ ರಿವರ್ಸಿನಲ್ಲಿ ಇಂಚಿಂಚಾಗಿ ಮೇಲೆ ಹತ್ತಿಸುತ್ತಿದ್ದೆ. ಒಮ್ಮೊಮ್ಮೆ ಸುಟ್ಟ ವಾಸನೆ ಬರುತ್ತಿತ್ತು, ಪಕ್ಕದ ಮನೆಯ ಅಡುಗೆ ಇರಬೇಕೆಂದುಕೊಂಡೆ. ಎಂಟನೆಯ ತಿಂಗಳು ಗೇರು ಬೀಳುವುದೇ ಕಷ್ಟವಾಯಿತು. ಮೊಡೆನಾದ ಹೊರವಲಯದಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಇಟಲಿಯಲ್ಲಿ ಎಂಜಿನಿಯರರನ್ನು ಡಾಕ್ಟರ್ ಎಂಬಂತೆ ಪದವಿಯಿಂದಲೇ ಕರೆಯುವ ರೂಢಿ. ಅವರು ಪರದೆ ನೋಡಿ, ಕನ್ನಡಕ ತೆಗೆದು, "ಇಂಜೆನ್ಯೇರಾ, ಇದು ವಯಸ್ಸಾಗಿ ಸತ್ತ ಕ್ಲಚ್ ಅಲ್ಲ, ನೀವು ಕೊಂದದ್ದು" ಎಂದರು. ಬಿಲ್ 3,300 ಯೂರೋ.

ತಪ್ಪು ಕಾರಿನದಲ್ಲ. ದಿನವಿಡೀ ಯಂತ್ರಗಳ ಸವೆತದ ಲೆಕ್ಕ ಹಾಕುವ ನಾನು ಮನೆಯ ಇಳಿಜಾರಿನಲ್ಲಿ ಅದನ್ನು ಮರೆತಿದ್ದೆ. ಈಗ ಮೂತಿ ಮುಂದಾಗಿಯೇ ಹೊರಗೆ ಬರುತ್ತೇನೆ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್. ಗೇರು ಏರಿಸುವಾಗ ಆಕ್ಸಿಲರೇಟರಿನಿಂದ ಕಾಲನ್ನು ಒಂದು ಕೂದಲೆಳೆಯಷ್ಟು ಎತ್ತಿದರೆ ಜರ್ಕ್ ಇಲ್ಲದೆ ಬೀಳುತ್ತದೆ. ಎರಡನೆಯ ಕ್ಲಚ್ 20,000 ಕಿಲೋಮೀಟರ್ ದಾಟಿಯೂ ಗಟ್ಟಿಯಾಗಿದೆ.

ಭಾನುವಾರದ ಘಾಟಿ

ಇಷ್ಟೆಲ್ಲ ಏತಕ್ಕೆ ಎಂದು ಕೇಳಿದರೆ ಭಾನುವಾರ ಬೆಳಗಿನ ಆರೂವರೆಗೆ ನನ್ನ ಪಕ್ಕ ಕೂತುಕೊಳ್ಳಿ ಎನ್ನುತ್ತೇನೆ. ಬೊಲೊನ್ಯದಿಂದ ಫ್ಲಾರೆನ್ಸಿಗೆ ಹೋಗುವ ಹಳೆಯ ಹೆದ್ದಾರಿ 65 ಪಿಯಾನೊರೊ, ಲೊಯಾನೊ, ಮೊಂಗಿದೊರೊ ಊರುಗಳನ್ನು ದಾಟಿ 968 ಮೀಟರ್ ಎತ್ತರದ ರಾತಿಕೋಸ ಕಣಿವೆಗೆ, ಅಲ್ಲಿಂದ 903 ಮೀಟರಿನ ಫೂತಾಕ್ಕೆ ಸಾಗುತ್ತದೆ. ದೇಶದ ಹೆಸರಾಂತ ರೋಡ್ ರೇಸ್ ಮಿಲ್ಲೆ ಮಿಲ್ಯದ ಕಾರುಗಳು ಇದೇ ಘಾಟಿಯಲ್ಲಿ ಓಡಿದ್ದವು. ಇಬ್ಬದಿಗೂ ಚೆಸ್ಟ್‌ನಟ್ ಕಾಡು.

ಮೊದಲ ಹದಿನೈದು ನಿಮಿಷ ಎಂಜಿನ್ನನ್ನು 3,000 ಸುತ್ತು ದಾಟಲು ಬಿಡುವುದಿಲ್ಲ. ತಣ್ಣಗಿದ್ದಾಗ ಎಣ್ಣೆ ಮಂದ, ಎಲ್ಲ ಸಂದುಗಳಿಗೂ ಸರಿಯಾಗಿ ಹರಿಯದು. "ಅದಕ್ಕೂ ಸ್ವಲ್ಪ ಹೊತ್ತು ಬೇಕು." ಎಣ್ಣೆ ಕಾದಮೇಲೆ, ಲೊಯಾನೊ ದಾಟಿದ ಏರಿನಲ್ಲಿ, ರೆಕ್ಕೆ ಎಳೆದು ಎರಡನೆಯ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತುತ್ತೇನೆ. 4,500 ಸುತ್ತಿನವರೆಗೆ ಗುರುಗುಟ್ಟುತ್ತಿದ್ದ ಎಂಜಿನ್ ಅಲ್ಲಿಂದಾಚೆ ಯಕ್ಷಗಾನದ ಭಾಗವತರು ಏರುಪದ ಹಿಡಿದಂತೆ ದನಿ ಎತ್ತುತ್ತದೆ. ಪೂರ್ತಿ ಶಕ್ತಿ ಸಿಗುವುದು 7,000ದಲ್ಲಿ. ಆದರೆ ಎರಡನೆಯ ಗೇರು ಮುಗಿಯುವ ಮೊದಲೇ ಈ ರಸ್ತೆಯ ಮಿತಿಯಾದ 90 ಕಿಲೋಮೀಟರ್ ಬಂದುಬಿಡುತ್ತದೆ. ಆರು ಗೇರುಗಳಲ್ಲಿ ನಾಲ್ಕು ಬಾಕಿ ಇರುವಾಗಲೇ ಕಾಲು ಎತ್ತಬೇಕು. 390 ಅಶ್ವಗಳ ಸವಾರಿ ಎಂದರೆ ಎಣಿಸಿ ನಾಲ್ಕು ಸೆಕೆಂಡು. ಉಳಿದ ಹೊತ್ತೆಲ್ಲ ತಿರುವು, ಬ್ರೇಕು, ತಾಳ್ಮೆ.

ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ ಇರುವುದರಿಂದ ತೂಕ ಹದವಾಗಿ ಹಂಚಿಕೊಂಡಿದೆ, ತಿರುವಿನಲ್ಲಿ ಮೂತಿ ಹೇಳಿದ ಮಾತು ಕೇಳುತ್ತದೆ. ಆದರೆ ಶಕ್ತಿಯೆಲ್ಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಒಂದು ನವೆಂಬರಿನಲ್ಲಿ ಒದ್ದೆ ಎಲೆಗಳ ಮೇಲೆ ಸ್ವಲ್ಪ ಆತುರಪಟ್ಟೆ, ಕಾರಿನ ಹಿಂಭಾಗ ಒಂದು ಗೇಣು ಪಕ್ಕಕ್ಕೆ ಜಾರಿತು. ಎದುರಿನಿಂದ ಯಾರೂ ಬರಲಿಲ್ಲ ಎಂಬುದು ನನ್ನ ಜಾಣತನವಲ್ಲ, ಪುಣ್ಯ. ಅಂದಿನಿಂದ ಎಲೆ ಬಿದ್ದ ರಸ್ತೆಯಲ್ಲಿ ನಾನು ಸೈಕಲ್ ಹುಡುಗನಿಗಿಂತ ನಿಧಾನ.

ಪುಸ್ತಕದ ಲೆಕ್ಕ

ಅಪ್ಪಯ್ಯನ ಹಾಗೆ ನಾನೂ ಕಾರಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಆರು ವರ್ಷಕ್ಕೆ ತೆರಿಗೆ 6,400 ಯೂರೋ, ವಿಮೆ 4,200, ಸರ್ವಿಸ್ 5,400, ಕ್ಲಚ್ 3,300, ಬ್ರೇಕ್ ಮತ್ತು ಸಸ್ಪೆನ್ಷನ್ 2,600, ಟೈರು 1,500, ಹೆಸರು ವರ್ಗಾವಣೆ 1,400. ಒಟ್ಟು 24,800. ಕೊಂಡ ಬೆಲೆಗಿಂತ ಹೆಚ್ಚು! ಓಡಿಸಿದ್ದು 24,000 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಒಂದು ಯೂರೋ, ಪೆಟ್ರೋಲ್ ಬೇರೆ. ಲೀಟರಿಗೆ ಐದೂವರೆ ಕಿಲೋಮೀಟರ್ ಕೊಟ್ಟರೆ ಅದೇ ದೊಡ್ಡದು.

ಶಿವಮೊಗ್ಗದಲ್ಲಿರುವ ಅಣ್ಣನ ಮಗ "ಅತ್ತೆ, ಅದನ್ನು ಇಲ್ಲಿಗೇ ತಂದುಬಿಡಿ" ಎನ್ನುತ್ತಾನೆ. ಆಗದು. ಹೊರದೇಶದಿಂದ ಹಳೆಯ ಕಾರು ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನನ್ನದು ಎರಡರಲ್ಲೂ ಫೇಲು.

ಇಂಥ ಕಾರಿನ ಮೇಲೆ ಕಣ್ಣಿಟ್ಟವರಿಗೆ, ನೀವು ಯಾವ ದೇಶದಲ್ಲೇ ಇರಿ, ನನ್ನದೊಂದೇ ಮಾತು. ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧಕ್ಕೆ ಸಿಗುವ ಕಾರನ್ನು ನೋಡಿ, ಉಳಿದರ್ಧವನ್ನು ಬ್ಯಾಂಕಿನಲ್ಲಿಡಿ, ಅದು ಕಾರಿನದೇ ದುಡ್ಡು. ಹಾಗೆ ಇಡಲಾಗದಿದ್ದರೆ ಈ ವರ್ಷ ಕೊಳ್ಳಬೇಡಿ. ಮುಂದಿನ ವರ್ಷ ಅದರ ಬೆಲೆ ಇನ್ನಷ್ಟು ಇಳಿದರೂ ಇಳಿದೀತು. ಕ್ಲಚ್ಚಿನ ಬೆಲೆ ಇಳಿಯುವುದಿಲ್ಲ.