ಮಾಳಿಗೆಯ ಮಳೆ, ಹಿತ್ತಲ ಹೊಂಡ

ಉಮರ್ಗಾ, ನಿಲಂಗಾ, ಉದಗೀರ್ ಸೀಮೆಯಲ್ಲಿ ಹಿತ್ತಲಲ್ಲೊಂದು ಪುಟ್ಟ ಹೊಂಡ ಮಾಡೋಣ ಎಂದರೆ ಮನೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ ಒಂದೇ: ನೀರು ಎಲ್ಲಿಂದ ತರುತ್ತೀರಿ? ಪ್ರಶ್ನೆ ನ್ಯಾಯವಾದದ್ದೇ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ತರಿಸಿದ ದಿನಗಳನ್ನು ನಾವಾರೂ ಮರೆತಿಲ್ಲ. ನೆರೆಮನೆಯವರು ಕೊಡ ಹಿಡಿದು ಸಾಲಿನಲ್ಲಿ ನಿಂತಿರುವಾಗ ನಾವು ಬೋರ್‌ವೆಲ್ ನೀರು ಸುರಿದು ತಾವರೆ ಬೆಳೆಸುವುದು ಸರಿಯಲ್ಲ. ಆದರೆ ನಮ್ಮ ಮಾಳಿಗೆಯ ಮೇಲೆ ಬಿದ್ದು ಸುಮ್ಮನೆ ಗಟಾರ ಸೇರುವ ಮಳೆನೀರಿನ ಮಾತೇ ಬೇರೆ. ಆ ನೀರನ್ನು ಹಿಡಿದಿಡುವ ಹೊಂಡ ಶೋಕಿಯಲ್ಲ, ಉಳಿತಾಯ.

ಲೆಕ್ಕ ಮೊದಲು, ಗುದ್ದಲಿ ಆಮೇಲೆ

1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಈ ಸೀಮೆಯಲ್ಲಿ ಕಲ್ಲುಮಣ್ಣಿನ ಹಳೆಯ ಮನೆಗಳ ಬದಲು ಸಿಮೆಂಟ್ ಮಾಳಿಗೆಯ ಮನೆಗಳು ಹೆಚ್ಚಿದವು. ಮಳೆನೀರು ಹಿಡಿಯಲು ಇಂಥ ಮಾಳಿಗೆ ಬಹಳ ಅನುಕೂಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 600 ಚದರ ಅಡಿಯ ಮಾಳಿಗೆ ಎಂದರೆ ಸುಮಾರು 56 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆಯಾದರೆ 39,000 ಲೀಟರ್ ಬೀಳುತ್ತದೆ. ಐದನೇ ಒಂದು ಪಾಲು ಪೋಲಾದರೂ 31,000 ಲೀಟರ್ ನಮ್ಮ ಕೈಗೆ ಸಿಗುತ್ತದೆ.

ಈಗ ಹೊಂಡದ ಲೆಕ್ಕ. ಮೇಲ್ಭಾಗದಲ್ಲಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳವಿದ್ದು, ಬದಿಗಳು ಇಳಿಜಾರಾಗಿದ್ದರೆ ಸುಮಾರು 1,900 ಲೀಟರ್ ಹಿಡಿಯುತ್ತದೆ. ಒಂದೆರಡು ಒಳ್ಳೆಯ ಮಳೆಗೇ ಇದು ತುಂಬೀತು. ಉಳಿದ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನೂ ಮೊದಲೇ ಯೋಚಿಸಬೇಕು. ಹೊಂಡದ ಅಂಚಿನಲ್ಲಿ ಒಂದು ಪೈಪ್ ಇಟ್ಟು, ತುಂಬಿ ಹರಿದ ನೀರನ್ನು ಇಂಗುಗುಂಡಿಗೆ ಬಿಡಬೇಕು. ಗುಂಡಿಯನ್ನು ಎರೆಮಣ್ಣು ದಾಟಿ ಮುರಂ ಸಿಗುವವರೆಗೆ ತೋಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಬೇಕು. ಕಸ, ಹೂಳು ಹೊಂಡದಲ್ಲೇ ತಂಗುತ್ತವೆ, ತಿಳಿನೀರು ನೆಲಕ್ಕಿಳಿಯುತ್ತದೆ. ನಿಜವಾದ ಲಾಭ ಇರುವುದು ಇಲ್ಲಿಯೇ. ಮಳೆಗಾಲದ ಮೊದಲ ಮಳೆಯಲ್ಲಿ ಮಾಳಿಗೆ ತೊಳೆದು ಬರುವ ನೀರನ್ನು ಮಾತ್ರ ಹೊರಗೆ ಬಿಟ್ಟುಬಿಡಿ.

ಎರೆಮಣ್ಣಿನ ಗುಣ

ನಮ್ಮ ಕಪ್ಪು ಎರೆಮಣ್ಣು ಜೋಳ, ತೊಗರಿಗೆ ತಾಯಿಯಿದ್ದಂತೆ. ಆದರೆ ಕಟ್ಟಡಕ್ಕೆ ಅಷ್ಟು ಒಳ್ಳೆಯದಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ಅದರಲ್ಲಿ ತೆಳುವಾಗಿ ಸಿಮೆಂಟ್ ತೊಟ್ಟಿ ಕಟ್ಟಿದರೆ ಒಂದೆರಡು ವರ್ಷದಲ್ಲೇ ಸೀಳು ಬಿಡಬಹುದು. ಆದ್ದರಿಂದ ರೈತರ ಕೃಷಿಹೊಂಡವನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಮರಾಠಿಯಲ್ಲಿ ಇದನ್ನೇ ಶೇತತಳೆ ಎನ್ನುತ್ತಾರೆ. ಎರಡು ಅಡಿಯ ಹೊಂಡಕ್ಕೆ ಎರಡೂವರೆ ಅಡಿ ಅಗೆದು, ತಳಕ್ಕೂ ಬದಿಗೂ ಅರ್ಧ ಅಡಿ ಮುರಂ ಹಾಕಿ ಗಟ್ಟಿಯಾಗಿ ಬಡಿಯಬೇಕು. ಮೇಲೆ ಜರಡಿ ಹಿಡಿದ ಮರಳು ಹರಡಿ, 500 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಮಣ್ಣು ಅಲುಗಿದರೂ ಹಾಳೆ ಅದರೊಂದಿಗೆ ಬಾಗುತ್ತದೆ, ಒಡೆಯುವುದಿಲ್ಲ. ಹಾಳೆಯ ಅಳತೆಗೆ ಹೊಂಡದ ಉದ್ದಕ್ಕೆ ಎರಡರಷ್ಟು ಆಳವನ್ನು ಕೂಡಿಸಿ, ಅಂಚಿಗೆ 2 ಅಡಿ ಸೇರಿಸಿ, ಅಗಲಕ್ಕೂ ಹಾಗೆಯೇ. ನಮ್ಮ ಹೊಂಡಕ್ಕೆ 16 ಅಡಿಗೆ 12 ಅಡಿ ಹಾಳೆ ಸಾಕು. ಬಿಸಿಲಿಗೆ ಹಾಳೆ ಹಾಳಾಗದಂತೆ ಅಂಚನ್ನು ಚಪ್ಪಡಿಯಿಂದ, ಒಳಭಾಗವನ್ನು ನುಣುಪಾದ ಗುಂಡುಕಲ್ಲುಗಳಿಂದ ಮುಚ್ಚಬೇಕು. ಅಂಚು ಎಲ್ಲ ಕಡೆ ಒಂದೇ ಮಟ್ಟದಲ್ಲಿದೆಯೇ ಎಂದು ಗೌಂಡಿಯ ಲೆವೆಲ್ ಪೈಪಿನಿಂದ ನೋಡಿಸಿ.

ಹೊಂಡವಾಗಲಿ ಇಂಗುಗುಂಡಿಯಾಗಲಿ ಮನೆಯ ಗೋಡೆಗೆ ತಾಗಿರಬಾರದು. ಕನಿಷ್ಠ 10 ಅಡಿ ದೂರವಿರಲಿ. ಪಾಯದ ಬಳಿ ಎರೆಮಣ್ಣು ನೆನೆದರೆ ಗೋಡೆ ಬಿರಿಯುತ್ತದೆ. ಪಾಯಖಾನೆಯ ಗುಂಡಿಯಿಂದ ಇನ್ನೂ ದೂರವಿರಲಿ. ಅಗೆಯುವ ಕೆಲಸ ಮೃಗಶಿರಾ ಮಳೆಗೆ ಮೊದಲೇ ಮುಗಿಯಬೇಕು.

ಮಕ್ಕಳು ಮತ್ತು ಸೊಳ್ಳೆ

ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಗೆ ತಟ್ಟಬಾರದು ಎಂಬುದು ಧರ್ಮೋಪದೇಶಕಾಂಡದ 22ನೇ ಅಧ್ಯಾಯದ ಆಜ್ಞೆ. ಹೊಂಡಕ್ಕೂ ಈ ಮಾತು ಅನ್ವಯಿಸುತ್ತದೆ. ಅಂಬೆಗಾಲಿಡುವ ಮಗು ಗೇಣುದ್ದ ನೀರಿನಲ್ಲೂ ಮುಳುಗಬಹುದು. ಸುತ್ತ ಗಟ್ಟಿ ಬೇಲಿ, ಚಿಲಕವಿರುವ ಬಾಗಿಲು ಇಲ್ಲದೆ ನೀರು ತುಂಬಿಸಬೇಡಿ. ನಮ್ಮ ಮನೆಯಲ್ಲಿ ಚಿಕ್ಕವರಿಲ್ಲ ಎನ್ನಬೇಡಿ. ನೆರೆಮನೆಯ ಮಗುವೂ ನಮ್ಮದೇ.

ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಎಂಟು ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಹತ್ತಿಪ್ಪತ್ತು ಬಿಡಿ. ಅವು ಹೊರನಾಡಿನ ಮೀನುಗಳಾದ್ದರಿಂದ ಹಳ್ಳಕ್ಕೋ ಕೆರೆಗೋ ಸೇರದಂತೆ ನೋಡಿಕೊಳ್ಳಿ. ಹೊರಹರಿವಿನ ಪೈಪಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿ. ಒಂದೆರಡು ಕುಂಡಗಳಲ್ಲಿ ನೈದಿಲೆ ಇಟ್ಟರೆ ಎಲೆಯ ನೆರಳಿಗೆ ನೀರು ತಂಪಾಗಿರುತ್ತದೆ.

ಬತ್ತಿದರೆ ಬತ್ತಲಿ

ಚಳಿಗಾಲದಲ್ಲಿ ದಿನಕ್ಕೆ ಸುಮಾರು ಅರ್ಧ ಸೆಂ.ಮೀ., ಬೇಸಿಗೆಯಲ್ಲಿ ಒಂದು ಸೆಂ.ಮೀ. ನೀರು ಆವಿಯಾಗುತ್ತದೆ. ಅಕ್ಟೋಬರಿನಲ್ಲಿ ತುಂಬಿದ್ದ ಎರಡು ಅಡಿ ನೀರು, ಮತ್ತೆ ಮಳೆ ಬಾರದಿದ್ದರೆ, ಫೆಬ್ರುವರಿಯ ಹೊತ್ತಿಗೆ ಮುಗಿಯುತ್ತದೆ. ಕಾಯಿಪಲ್ಲೆಗೆ ಬಳಸಿದರೆ ಇನ್ನೂ ಬೇಗ. ಆಗ ಬೋರ್‌ವೆಲ್ ಶುರುಮಾಡುವ ಆಸೆಯನ್ನು ತಡೆಯೋಣ. ಮೀನುಗಳನ್ನು ಒಂದು ತೊಟ್ಟಿಗೆ, ನೈದಿಲೆಯನ್ನು ಬಕೆಟ್ಟಿಗೆ ಸಾಗಿಸಿ, ಹೊಂಡವನ್ನು ಒಣಗಲು ಬಿಡೋಣ. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದಂತೆ, ತಪಸ್ಸುಕಾಲದ ಒಂದು ಶನಿವಾರ ಮಕ್ಕಳೊಂದಿಗೆ ಹೂಳು ತೆಗೆದು ಕರಿಬೇವು, ನುಗ್ಗೆ ಗಿಡಗಳ ಬುಡಕ್ಕೆ ಹಾಕೋಣ. ಹಕ್ಕಿಗಳಿಗಾಗಿ ಒಂದು ಮಣ್ಣಿನ ಪರಟಿಯಲ್ಲಿ ನೀರಿಟ್ಟರೆ ಸಾಕು.

ಸುರಕ್ಷಿತ ಕುಡಿಯುವ ನೀರು ಪ್ರತಿ ಮನುಷ್ಯನ ಮೂಲಭೂತ ಹಕ್ಕು ಎಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪರಿಪತ್ರದಲ್ಲಿ ಬರೆದರು. ಆದಿಕಾಂಡದ ಇಸಾಕನು ತನ್ನ ತಂದೆಯ ಕಾಲದಲ್ಲಿ ತೋಡಿದ್ದು, ನಂತರ ಮಣ್ಣು ತುಂಬಿದ್ದ ಬಾವಿಗಳನ್ನು ಮತ್ತೆ ತೋಡಿಸಿದನು. ನಾವು ನೆಲಕ್ಕಿಳಿಸಿದ ನೀರು ನಮ್ಮ ಬೇಲಿಯೊಳಗೇ ನಿಲ್ಲುವುದಿಲ್ಲ. ಪಕ್ಕದ ಮನೆಯ ಬಾವಿಗೂ ಹೋಗುತ್ತದೆ. ಹೋಗಲಿ. ಈ ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಒಟ್ಟಾಗಿ ಮಾಳಿಗೆಯನ್ನು ಅಳೆದು ಲೆಕ್ಕ ಬರೆದುಕೊಳ್ಳೋಣ. ಮಳೆ ಬರುವಷ್ಟರಲ್ಲಿ ಹಿತ್ತಲು ಸಿದ್ಧವಿರಲಿ.