ಷೇರುಪೇಟೆ ಅಳಿಸಿದ ಹೆಸರನ್ನು ಕರ್ನೆಲ್ ಉಳಿಸಿಕೊಂಡಿತು

2022ರ ಫೆಬ್ರವರಿ 14ರಂದು ಎಎಂಡಿ ಎಂಬ ಚಿಪ್ ಕಂಪನಿ ಝೈಲಿಂಕ್ಸ್ ಎಂಬ ಇನ್ನೊಂದು ಚಿಪ್ ಕಂಪನಿಯನ್ನು ತನ್ನದಾಗಿಸಿಕೊಂಡಿತು. ನಾಸ್ಡಾಕ್ ಷೇರುಪಟ್ಟಿಯಲ್ಲಿದ್ದ ‘ಎಕ್ಸ್‌ಎಲ್‌ಎನ್‌ಎಕ್ಸ್’ ಎಂಬ ನಾಲ್ಕಕ್ಷರ ಅಳಿಸಿಹೋಯಿತು. ಝೈಲಿಂಕ್ಸ್‌ಗೆ ಹೈದರಾಬಾದಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರವಿತ್ತು. ಮತ್ತೊಂದು ಚಿಪ್ ಕಂಪನಿ ಕ್ವಾಲ್‌ಕಾಮ್‌ನದೂ ಅದೇ ಊರಲ್ಲಿದೆ. ಬೀದರ್, ಕಲಬುರಗಿಯ ಎಂಜಿನಿಯರಿಂಗ್ ಪದವೀಧರರಿಗೆ ಬೆಂಗಳೂರಿಗಿಂತ ಹತ್ತಿರವಾದ ಐಟಿ ನಗರಿ ಅದು. ಝೈಲಿಂಕ್ಸ್ ಕೇಂದ್ರದ ಬೋರ್ಡು ಬದಲಾಯಿತು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಒಳಗೆ ಮಾತ್ರ ಆ ನಾಲ್ಕಕ್ಷರ ಇವತ್ತಿಗೂ ಹಾಗೇ ಇದೆ, ಇನ್ನು ಮುಂದೆಯೂ ಇರುತ್ತದೆ.

ಷೇರುಪೇಟೆಯ ಸಂಕೇತ ಕರ್ನೆಲ್ಲಿಗೆ ಬಂದದ್ದು ಹೇಗೆ ಎಂದು ಹುಡುಕಿದರೆ ದಾರಿ ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್‌ಗೆ ಹೋಗುತ್ತದೆ. ಯಂತ್ರದಲ್ಲಿ ಏನೇನಿದೆ ಎಂಬುದನ್ನು ಕವಲು ಕವಲಾಗಿ ಬರೆದಿಡುವ ಕ್ರಮವನ್ನು ಅಲ್ಲಿ ಎಂಜಿನಿಯರ್ ಮಿಚ್ ಬ್ರಾಡ್ಲಿ ರೂಪಿಸಿದರು. 1994ರಲ್ಲಿ ಅದು ಓಪನ್ ಫರ್ಮ್‌ವೇರ್ ಎಂಬ ಹೆಸರಿನಲ್ಲಿ ಐಇಇಇ 1275 ಮಾನದಂಡವಾಯಿತು. ಎರಡು ಕಂಪನಿಗಳು ಸಾಧನಗಳಿಗೆ ಇಟ್ಟ ಹೆಸರು ಡಿಕ್ಕಿ ಹೊಡೆಯಬಾರದಲ್ಲ? ಹೆಸರಿನ ಮುಂದೆ ಕಂಪನಿಯ ಷೇರುಪೇಟೆ ಸಂಕೇತ ಸೇರಿಸಿ ಎಂದಿತು ಆ ಮಾನದಂಡ. ಸನ್ ಯಂತ್ರಗಳಲ್ಲಿ ‘ಎಸ್‌ಯುಎನ್‌ಡಬ್ಲ್ಯು’ ಬಂದದ್ದು ಹಾಗೆ. 2007ರಲ್ಲಿ ಸನ್ ತನ್ನ ಸಂಕೇತವನ್ನು ‘ಜಾವಾ’ ಎಂದು ಬದಲಿಸಿಕೊಂಡಿತು, 2010ರಲ್ಲಿ ಇಡೀ ಕಂಪನಿ ಒರಾಕಲ್ ಪಾಲಾಯಿತು. ಯಂತ್ರದೊಳಗಿನ ಹಳೆಯ ಹೆಸರು ಕದಲಲಿಲ್ಲ.

ಮೊಬೈಲ್ ಮತ್ತು ಬೋರ್ಡುಗಳ ಲೋಕಕ್ಕೆ ಈ ಪದ್ಧತಿ ತಡವಾಗಿ ಬಂತು. ಯುಎಸ್‌ಬಿಗೆ ಚುಚ್ಚಿದ ಸಾಧನ ತಾನು ಯಾರೆಂದು ಹೇಳಿಕೊಳ್ಳುತ್ತದೆ. ಚಿಪ್ಪಿನೊಳಗೆ ಕೂತ ಸೀರಿಯಲ್ ಪೋರ್ಟಿಗೆ ಆ ಬಾಯಿಲ್ಲ. ಅದು ಎಲ್ಲಿದೆ ಎಂದು ಯಾರಾದರೂ ಕರ್ನೆಲ್ಲಿಗೆ ಹೇಳಲೇಬೇಕು. ಆರ್ಮ್ ಚಿಪ್ಪುಗಳ ವಿಷಯದಲ್ಲಿ ಇದನ್ನೆಲ್ಲ ಬೋರ್ಡಿಗೊಂದರಂತೆ ಸಿ ಭಾಷೆಯ ಕಡತಗಳಲ್ಲಿ ತುಂಬುತ್ತಿದ್ದರು. 2011ರ ಮಾರ್ಚಿನಲ್ಲಿ ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ ಈ ಗೊಂದಲದ ಬಗ್ಗೆ ಸಿಡಿದೆದ್ದರು. ಪವರ್‌ಪಿಸಿ ಯಂತ್ರಗಳಿಗಾಗಿ 2005ರ ಹೊತ್ತಿಗೆ ಕರ್ನೆಲ್ ಅಭಿವೃದ್ಧಿಕಾರ ಬೆಂಜಮಿನ್ ಹೆರೆನ್‌ಶ್ಮಿಟ್ ಹಗುರಗೊಳಿಸಿದ್ದ ಅದೇ ಕವಲು ಕ್ರಮ, ಅಂದರೆ ಡಿವೈಸ್ ಟ್ರೀ, ಆಗ ಆರ್ಮ್‌ನ ಕೈಹಿಡಿಯಿತು.

ಈ ಮರದ ಪ್ರತಿ ಕವಲಿಗೂ, ಅಂದರೆ ನೋಡ್‌ಗೂ, ಹೆಸರಿಡಲು ಒಂದು ರೀತಿಯಿದೆ. ಝೈಲಿಂಕ್ಸ್‌ನ ಝಿಂಕ್ ಅಲ್ಟ್ರಾಸ್ಕೇಲ್+ ಚಿಪ್ಪಿನ ಒಂದು ನೋಡ್ ನೋಡಿ: ‘ಸೀರಿಯಲ್@ಎಫ್‌ಎಫ್000000’. ಅಟ್ ಚಿಹ್ನೆಯ ಎಡಕ್ಕೆ ಅದು ಮಾಡುವ ಕೆಲಸ, ಬಲಕ್ಕೆ ಮೆಮೊರಿಯಲ್ಲಿ ಅದು ಕೂತಿರುವ ಜಾಗ. ಹೈದರಾಬಾದಿನ ಜುಬಿಲಿ ಹಿಲ್ಸ್‌ನ ಗೇಟುಗಳ ಮೇಲೆ 8-2-293/82 ಎಂದು ಶುರುವಾಗುವ ಮನೆ ನಂಬರಿನಷ್ಟೇ ನಿಖರ ವಿಳಾಸ. ಹೆಸರಿನ ಭಾಗ 31 ಅಕ್ಷರ ಮೀರಬಾರದು. ಪದಗಳ ನಡುವೆ ಕಿರುಗೆರೆ ಬರಬೇಕು, ಅಡಿಗೆರೆಯಲ್ಲ. ಅದೇ ನೋಡ್‌ಗೆ ಅಂಟಿಸುವ ಲೇಬಲ್ಲಿನಲ್ಲಿ ತದ್ವಿರುದ್ಧ: ಅಡಿಗೆರೆ ನಡೆಯುತ್ತದೆ, ಕಿರುಗೆರೆ ನಡೆಯುವುದಿಲ್ಲ. ಹೊಸಬರು ಮುಗ್ಗರಿಸುವುದು ಇಲ್ಲೇ.

ಹೆಸರು ಕೆಲಸವನ್ನಷ್ಟೇ ಹೇಳಲಿ, ತಯಾರಕರನ್ನಲ್ಲ ಎಂಬುದು ಮೂಲ ನಿಯಮ. ಝೈಲಿಂಕ್ಸ್‌ನ ಸ್ವಂತ ಸಲಕರಣೆಗಳು ಒಂದು ಕಾಲದಲ್ಲಿ ‘ಪಿಎಸ್7-ಈಥರ್ನೆಟ್’ ಎಂಬಂಥ ಹೆಸರುಗಳನ್ನು ಹುಟ್ಟಿಸುತ್ತಿದ್ದವು. ಪಿಎಸ್7 ಅಂದರೆ ಅವರ ಚಿಪ್ಪಿನ ಪ್ರೊಸೆಸರ್ ಭಾಗ. ಹೊರಗಿನವರಿಗೆ ಅದು ಏನೂ ಹೇಳದು. ಮುಖ್ಯ ಕರ್ನೆಲ್ಲಿನಲ್ಲಿ ಉಳಿದದ್ದು ಬರೀ ‘ಈಥರ್ನೆಟ್’. ಈ ಸರಳತೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಯಾವ ಕಂಪನಿಯ ಚಿಪ್ಪಾದರೂ, ಕಡತ ತೆರೆದವರಿಗೆ ಮೊದಲ ಸಾಲಿನಲ್ಲೇ ಅರ್ಥ ಸಿಗುತ್ತದೆ.

ಹಾಗಾದರೆ ತಯಾರಕರ ಗುರುತು ಎಲ್ಲಿ? ನೋಡ್‌ನ ಒಳಗೆ, ‘ಕಂಪ್ಯಾಟಿಬಲ್’ ಎಂಬ ಸಾಲಿನಲ್ಲಿ. ಅಲ್ಲಿ ‘ಎಕ್ಸ್‌ಎಲ್‌ಎನ್‌ಎಕ್ಸ್’, ಅಲ್ಪವಿರಾಮ, ಆಮೇಲೆ ಸಾಧನದ ಹೆಸರು. ಈ ಸಾಲನ್ನು ಓದಿಯೇ ಕರ್ನೆಲ್ ಸರಿಯಾದ ಡ್ರೈವರನ್ನು, ಅಂದರೆ ಸಾಧನ ನಡೆಸುವ ತಂತ್ರಾಂಶವನ್ನು, ಕರೆಯುತ್ತದೆ. ಕಾರ್ಖಾನೆಯ ಯಂತ್ರವೊಂದರಲ್ಲಿ ವರ್ಷಗಳ ಹಿಂದೆ ಕೂತ ಬೋರ್ಡು ತನ್ನ ಹಳೆಯ ಡಿವೈಸ್ ಟ್ರೀ ಇಟ್ಟುಕೊಂಡೇ ಹೊಸ ಕರ್ನೆಲ್ ಓಡಿಸಬಹುದು. ಅಕ್ಷರ ಬದಲಿಸಿದ ದಿನ ಆ ಬೋರ್ಡಿಗೆ ತನ್ನ ಡ್ರೈವರ್ ಸಿಗುವುದಿಲ್ಲ. ಅದಕ್ಕೇ ಮಾಲೀಕರು ಬದಲಾದರೂ ಹೆಸರು ಬದಲಾಗುವುದಿಲ್ಲ. 2015ರಲ್ಲಿ ಎನ್‌ಎಕ್ಸ್‌ಪಿ ಪಾಲಾದ ಫ್ರೀಸ್ಕೇಲ್ ಇಂದಿಗೂ ‘ಎಫ್‌ಎಸ್‌ಎಲ್’; ಅದೇ ವರ್ಷ ಇಂಟೆಲ್ ಕೊಂಡ ಆಲ್ಟೆರಾ ಇಂದಿಗೂ ‘ಎಎಲ್‌ಟಿಆರ್’.

ಕ್ವಾಲ್‌ಕಾಮ್‌ನದು ಇನ್ನೊಂದು ಪೇಚು. ಅದರ ಗುರುತೂ ಷೇರು ಸಂಕೇತವೇ, ‘ಕ್ಯುಕಾಮ್’. ಒಂದೇ ಸಿಲಿಕಾನನ್ನು ಕಾರಿಗೆ ಎಸ್‌ಎ8775ಪಿ ಎಂದೂ ಇತರ ಸಾಧನಗಳಿಗೆ ಕ್ಯುಸಿಎಸ್9100 ಎಂದೂ ಮಾರುತ್ತಾರೆ. ಯಾವ ಹೆಸರಲ್ಲಿ ಕಡತ ಇಡುವುದು? 2025ರಲ್ಲಿ ಮಾರುಕಟ್ಟೆಯ ಹೆಸರು ಬಿಟ್ಟು ಒಳಹೆಸರು ಹಿಡಿದರು: ಕಡತ ‘ಲೆಮಾನ್ಸ್’ ಆಯಿತು. ಕಡತದ ಹೆಸರನ್ನು ಕರ್ನೆಲ್ ಕಟ್ಟುವವರಷ್ಟೇ ನೋಡುತ್ತಾರೆ, ಬದಲಿಸಿದರೆ ನಡೆಯುತ್ತದೆ. ಒಳಗಿನ ಕಂಪ್ಯಾಟಿಬಲ್ ಸಾಲಿನ ಎಸ್‌ಎ8775ಪಿಯನ್ನು ಮಾತ್ರ ಮುಟ್ಟಲಿಲ್ಲ.

ಝೈಲಿಂಕ್ಸ್ ವಂಶದ ಹೊಸ ಕುಡಿಗಳಿಗೆ ಈಗ ಹೊಸ ಮನೆತನದ ಹೆಸರು ಬರತೊಡಗಿದೆ. ಆರ್‌ಐಎಸ್‌ಸಿ-ವಿ ಆಧಾರದ ಮೈಕ್ರೋಬ್ಲೇಜ್ ವಿ ಪ್ರೊಸೆಸರ್ ಕರ್ನೆಲ್ಲಿಗೆ ಕಾಲಿಟ್ಟದ್ದು ‘ಎಎಂಡಿ’ ಎಂಬ ಮುಂಗುರುತಿನೊಂದಿಗೆ.