ಮನೆಯ ಮೇಲೆ ಸೋಲಾರ್ ಹಾಕಿದರೆ ದೇಶದ ಪೆಟ್ರೋಲ್ ಉಳಿಯುತ್ತದೆಯೇ?

ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಕೇಳಿಬರುವ ಮಾತೊಂದಿದೆ: “ಇಷ್ಟು ಬಿಸಿಲು ಬೀಳುವ ದೇಶ ನಮ್ಮದು. ಎಲ್ಲ ಕಡೆ ಸೋಲಾರ್ ಹಾಕಿಬಿಟ್ಟರೆ ಹೊರದೇಶದ ತೈಲ ಯಾಕೆ ಬೇಕು?” ಈ ಮಾತು ಅರ್ಧ ನಿಜ. ಉಳಿದರ್ಧ ಎಲ್ಲಿ ಎಡವುತ್ತದೆ ಎಂದು ನೋಡೋಣ.

ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಭಾಗ ಆಮದಾಗುತ್ತದೆ. ಎಲ್ಲೋ ದೂರದಲ್ಲಿ ಯುದ್ಧ ಶುರುವಾದರೆ ಇಲ್ಲಿ ತರಕಾರಿ ಲಾರಿಯ ಬಾಡಿಗೆ ಏರುವ ಭಯ ಹುಟ್ಟುವುದು ಇದೇ ಕಾರಣಕ್ಕೆ. ಮಂಗಳೂರಿನಲ್ಲಿ ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು, ನೆಲದಡಿ ತೈಲ ಕೂಡಿಟ್ಟಿರುವುದೂ ಇಂಥ ಆಪತ್ಕಾಲಕ್ಕೆಂದೇ.

ಸೋಲಾರ್ ಉಳಿಸುವುದು ಏನನ್ನು?

ಸೋಲಾರ್ ಫಲಕ ಕೊಡುವುದು ವಿದ್ಯುತ್ತನ್ನು. ನಮ್ಮ ದೇಶದ ವಿದ್ಯುತ್ತಿನಲ್ಲಿ ಸುಮಾರು ಶೇ 70 ಭಾಗ ಕಲ್ಲಿದ್ದಲಿನಿಂದ ಬರುತ್ತದೆ. ಡೀಸೆಲ್ ಮತ್ತು ಇತರ ತೈಲದಿಂದ ಬರುವುದು ಶೇ 1ಕ್ಕಿಂತಲೂ ಕಡಿಮೆ. ಹಾಗಾಗಿ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡ ಸೋಲಾರ್ ಪಾರ್ಕ್ ಮುಖ್ಯವಾಗಿ ಉಳಿಸುವುದು ಕಲ್ಲಿದ್ದಲನ್ನೇ ಹೊರತು ಪೆಟ್ರೋಲನ್ನಲ್ಲ. ಇದು ಸಣ್ಣ ಲಾಭವೇನಲ್ಲ. ಹೊಗೆ, ಬೂದಿ ಕಡಿಮೆಯಾಗುತ್ತದೆ. ಆದರೆ ನಿಮ್ಮ ಸ್ಕೂಟರ್ ಮಾತ್ರ ಮೊದಲಿನಷ್ಟೇ ಪೆಟ್ರೋಲ್ ಕುಡಿಯುತ್ತಿರುತ್ತದೆ.

ಹಾಗಾದರೆ ಈ ನಂಬಿಕೆ ಬಂದದ್ದೆಲ್ಲಿಂದ?

1973ರಲ್ಲಿ ಅರಬ್ ದೇಶಗಳು ಅಮೆರಿಕ ಮತ್ತಿತರ ಕೆಲವು ದೇಶಗಳಿಗೆ ತೈಲ ನಿಲ್ಲಿಸಿದಾಗ ಬೆಲೆ ಕೆಲವೇ ತಿಂಗಳಲ್ಲಿ ಮೂರ್ನಾಲ್ಕು ಪಟ್ಟಾಯಿತು. ಆಗ ಅಮೆರಿಕ, ಜಪಾನ್‌ನಂಥ ದೇಶಗಳು ವಿದ್ಯುತ್ತಿಗೂ ಸಾಕಷ್ಟು ತೈಲ ಸುಡುತ್ತಿದ್ದವು. ಸೌರಶಕ್ತಿ ತೈಲಕ್ಕೆ ಪರ್ಯಾಯ ಎಂಬ ಮಾತಿಗೆ ಅಲ್ಲಿ ನೇರ ಅರ್ಥವಿತ್ತು. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಮೇಲೆ ನೀರು ಕಾಯಿಸುವ ಸೋಲಾರ್ ಫಲಕಗಳನ್ನು ಹಾಕಿಸಿದರು. ಕಾಲ ಬದಲಾಯಿತು, ಮಾತು ಹಾಗೇ ಉಳಿಯಿತು.

ಇಂದಿಗೂ ಆ ಮಾತು ಅಕ್ಷರಶಃ ನಿಜವಾಗುವ ಜಾಗಗಳಿವೆ. ಲಕ್ಷದ್ವೀಪದಲ್ಲಿ ವಿದ್ಯುತ್ ಬಹುತೇಕ ಹಡಗಿನಲ್ಲಿ ತರುವ ಡೀಸೆಲ್‌ನಿಂದಲೇ ತಯಾರಾಗುತ್ತದೆ. ಅಲ್ಲಿ ಹಾಕುವ ಪ್ರತಿ ಫಲಕವೂ ಡೀಸೆಲ್ ಉಳಿಸುತ್ತದೆ. ಡೀಸೆಲ್ ಪಂಪಿನಿಂದ ನೀರೆತ್ತುವ ರೈತನ ಲೆಕ್ಕವೂ ಇದೇ. 5 ಎಚ್‌ಪಿ ಡೀಸೆಲ್ ಪಂಪ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಅದರ ಜಾಗಕ್ಕೆ ಸೋಲಾರ್ ಪಂಪ್ ಬಂದರೆ ಆ ಖರ್ಚು ನಿಂತಂತೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಒಂದು ಉದ್ದೇಶವೂ ಇದೇ.

ಕೊಂಡಿ ಇರುವುದು ಚಕ್ರದಲ್ಲಿ

ಉಳಿದೆಡೆ ಬಿಸಿಲು ತೈಲದ ಜಾಗಕ್ಕೆ ಬರಬೇಕಾದರೆ ನಡುವೆ ಒಂದು ಯಂತ್ರ ಬದಲಾಗಬೇಕು. ತೈಲದಿಂದ ಓಡುವುದು ವಿದ್ಯುತ್ತಿನಿಂದ ಓಡುವಂತಾಗಬೇಕು.

ಒಂದು ಸರಳ ಲೆಕ್ಕ ಹಾಕೋಣ. 1 ಕಿಲೋವಾಟ್ ಸೋಲಾರ್ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ 100 ಕಿಲೋಮೀಟರ್ ಓಡಲು ಸುಮಾರು 3 ಯೂನಿಟ್ ಸಾಕು. ಅಂದರೆ ಒಂದು ದಿನದ ಬಿಸಿಲಿನಲ್ಲಿ 130 ಕಿಲೋಮೀಟರ್ ಓಡಬಹುದು. ಅಷ್ಟೇ ದೂರಕ್ಕೆ ಪೆಟ್ರೋಲ್ ಸ್ಕೂಟರ್‌ಗೆ ಸುಮಾರು 3 ಲೀಟರ್ ಬೇಕು.

ಇಷ್ಟು ವ್ಯತ್ಯಾಸ ಯಾಕೆ? ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇದೆ. ಆದರೆ ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. ಎಲೆಕ್ಟ್ರಿಕ್ ಮೋಟಾರ್ ತನಗೆ ಸಿಕ್ಕಿದ್ದರಲ್ಲಿ ಶೇ 80ಕ್ಕೂ ಹೆಚ್ಚನ್ನು ಚಕ್ರಕ್ಕೆ ತಲುಪಿಸುತ್ತದೆ.

ಅಡುಗೆಮನೆಗೂ ಇದೇ ಮಾತು ಅನ್ವಯ. ದೇಶದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಮಧ್ಯಾಹ್ನದ ಅನ್ನ, ಸಾರು ಇಂಡಕ್ಷನ್ ಒಲೆಯ ಮೇಲಾದರೆ ಸಿಲಿಂಡರ್ ಇನ್ನಷ್ಟು ದಿನ ಬರುತ್ತದೆ.

ಎಲ್ಲಿ ಎಚ್ಚರ ಬೇಕು?

ಮೊದಲನೆಯದು, ಹೊತ್ತು. ಸೋಲಾರ್ ಹೆಚ್ಚು ಉತ್ಪಾದಿಸುವುದು ಮಧ್ಯಾಹ್ನ. ನಾವು ಗಾಡಿ ಚಾರ್ಜ್‌ಗೆ ಹಾಕುವುದು ರಾತ್ರಿ. ಆಗ ಪೆಟ್ರೋಲ್ ಉಳಿಯುವುದೇನೋ ನಿಜ, ಆದರೆ ಅದರ ಬದಲು ಉರಿಯುವುದು ಹೆಚ್ಚಾಗಿ ಕಲ್ಲಿದ್ದಲು. ಕಚೇರಿ, ಕಾಲೇಜು, ಬಸ್ ಡಿಪೋಗಳಲ್ಲಿ ಹಗಲು ಚಾರ್ಜ್ ಮಾಡುವ ವ್ಯವಸ್ಥೆ ಅದಕ್ಕೇ ಮುಖ್ಯ.

ಎರಡನೆಯದು, ಮಿತಿ. ವಿಮಾನ, ಹಡಗುಗಳಿಗೆ ಬ್ಯಾಟರಿ ಇನ್ನೂ ಸುಲಭದ ದಾರಿಯಲ್ಲ. ಪ್ಲಾಸ್ಟಿಕ್, ಡಾಂಬರು ಬರುವುದೂ ತೈಲದಿಂದಲೇ.

ಮೂರನೆಯದು ಒಂದು ನ್ಯಾಯವಾದ ಪ್ರಶ್ನೆ: ಫಲಕ, ಬ್ಯಾಟರಿಗಳ ತಯಾರಿಕೆಯಲ್ಲಿ ಚೀನಾದ್ದೇ ಮೇಲುಗೈ. ಹಾಗಿದ್ದರೆ ಒಂದು ಅವಲಂಬನೆ ಹೋಗಿ ಇನ್ನೊಂದು ಬಂದಂತಾಗಲಿಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆದರೆ ತೈಲ ಇವತ್ತು ತಂದರೆ ಇವತ್ತೇ ಉರಿದುಹೋಗುತ್ತದೆ, ನಾಳೆಗೆ ಮತ್ತೆ ತರಬೇಕು. ಒಮ್ಮೆ ತಂದ ಫಲಕ ಸುಮಾರು 25 ವರ್ಷ ದುಡಿಯುತ್ತದೆ. ನಡುವೆ ಯಾರೊಂದಿಗೆ ಸಂಬಂಧ ಕೆಟ್ಟರೂ ಸೂರ್ಯ ಹುಟ್ಟುವುದು ನಿಲ್ಲುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ

ಸೋಲಾರ್ ಹಾಕಿದ ಮಾತ್ರಕ್ಕೆ ತೈಲ ಆಮದು ಇಳಿಯುವುದಿಲ್ಲ. ಸೋಲಾರ್ ಜೊತೆಗೆ ಗಾಡಿ, ಪಂಪ್, ಒಲೆಗಳೂ ವಿದ್ಯುತ್ತಿಗೆ ಬದಲಾದರೆ ಇಳಿಯುತ್ತದೆ. ಹಾಗಾಗಿ ಮನೆಯ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇದ್ದರೆ, ಅದರ ಜೊತೆಗೇ ಇನ್ನೊಂದನ್ನೂ ಯೋಚಿಸಿ: ಕೆಳಗೆ ನಿಂತಿರುವ ಗಾಡಿ ಮತ್ತು ಒಳಗಿರುವ ಒಲೆ ಯಾವುದರಿಂದ ಉರಿಯುತ್ತಿವೆ?